ಪಕ್ಕದ ಕುರ್ಚಿಯ ಅಣ್ಣನಿಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಗೇಮ್ ಪಾರ್ಲರಿನಲ್ಲಿ ಒಂದು ಬೇಸಿಗೆಯಿಡೀ ನನ್ನ ಜೊತೆ ಟೆಕ್ಕೆನ್ 7 ಅನ್ನೋ ಹೊಡೆದಾಟದ ವಿಡಿಯೋ ಗೇಮ್ ಆಡಿದ ಅಣ್ಣಾ, ನಿಮ್ಮ ಹೆಸರು ಕೇಳಲೇ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ದಿನ ಒಂದು ಆಟವೂ ನಾನು ಗೆಲ್ಲಲಿಲ್ಲ. ಎದ್ದು ಹೊರಟಾಗ ನೀವು "ಕೂಡು ತಮ್ಮಾ, ಎಲ್ಲಿ ಸೋತಿ ಅಂತ ನೋಡೋಣ" ಅಂದಿರಿ. ನಿಮ್ಮ ದುಡ್ಡಿನ ಸಮಯದಲ್ಲೇ ಪ್ರಾಕ್ಟೀಸ್ ಮೋಡ್ ಹಾಕಿದಿರಿ.

ಈ ಆಟದಲ್ಲಿ ಒಂದು ಸೆಕೆಂಡಿಗೆ 60 ಫ್ರೇಮ್, ಅಂದರೆ ಪರದೆ ಮೇಲೆ 60 ಚಿತ್ರ. ನಿಂತು ಹೊಡೆಯುವ ಜ್ಯಾಬ್, ಅಂದರೆ ಚುರುಕಾದ ಗುದ್ದು, 10ನೇ ಫ್ರೇಮಿಗೆ ತಾಗುತ್ತದೆ. ಎದುರಾಳಿಯ ಏಟನ್ನು ತಡೆದಾಗ ಅವನು ಸುಧಾರಿಸಿಕೊಳ್ಳುವುದರಲ್ಲಿ ನಮಗಿಂತ 10 ಫ್ರೇಮ್ ಹಿಂದೆ ಬಿದ್ದರೆ, ಕೈಗೆಟಕುವಷ್ಟು ಹತ್ತಿರದಲ್ಲೂ ಇದ್ದರೆ, ನಮ್ಮ ಜ್ಯಾಬ್ ಅವನಿಗೆ ಬಿದ್ದೇ ಬೀಳುತ್ತದೆ. ಅಲ್ಲಿಯವರೆಗೆ ನಾನು ಸುಮ್ನೆ ಬಟನ್ ಒತ್ತುತ್ತಿದ್ದೆ. ನೀವು ಪ್ರಾಕ್ಟೀಸ್ ಮೋಡಿನ ಎದುರಾಳಿ ಗೊಂಬೆಗೆ ಒಂದೇ ಹಾರುಒದೆ ರೆಕಾರ್ಡ್ ಮಾಡಿಸಿ, ತಡೆ, ಹೊಡೆ, ಮತ್ತೆ ತಡೆ ಅಂತ ಮಾಡಿಸಿದಿರಿ. ಬೆರಳು ನೋಯುವವರೆಗೆ. ಕಾಂಬೋ, ಅಂದರೆ ಒಂದರ ಹಿಂದೊಂದು ಬೀಳುವ ಏಟಿನ ಸರಣಿ, ಕೇಳಿದರೆ "ಆಮೇಲೆ" ಅನ್ನುತ್ತಿದ್ದಿರಿ. ಆಗ ಸಿಟ್ಟು ಬರುತ್ತಿತ್ತು. ಈಗ ಅನ್ನಿಸುತ್ತದೆ, ನೀವು ಹೇಳಿದ್ದೇ ಸರಿ.

2019ರಲ್ಲಿ ಪಾಕಿಸ್ತಾನದ ಅರ್ಸಲಾನ್ ಆಶ್ ಜಪಾನಿನಲ್ಲೂ ಲಾಸ್ ವೇಗಸ್ಸಿನಲ್ಲೂ ಇವೋ ಅನ್ನೋ ದೊಡ್ಡ ಫೈಟಿಂಗ್ ಗೇಮ್ ಪಂದ್ಯಾವಳಿಯಲ್ಲಿ ಟೆಕ್ಕೆನ್ ಗೆದ್ದದ್ದನ್ನು ನನಗೆ ಹೇಳಿದ್ದು ನೀವೇ. ತನ್ನೂರಿನ ಗಟ್ಟಿ ಆಟಗಾರರ ಜೊತೆ ಆಡಿ ಆಡಿಯೇ ಆತ ಪಳಗಿದ್ದು, ಅಲ್ವಾ?

ಆಟ ಮುಗಿದ ಮೇಲೆ ಸುಸಲಾ, ಮಿರ್ಚಿ ಕೊಡಿಸಿ, ನಾನು ಎಲ್ಲಿ ಹೆದರಿದೆ ಅಂತ ಬಿಡಿಸಿ ಹೇಳುತ್ತಿದ್ದಿರಿ. ಅದು ಬಹಳ ಉಪಯೋಗಕ್ಕೆ ಬಂತು. ತುಂಬಾ ಥ್ಯಾಂಕ್ಸ್ ಅಣ್ಣಾ. ಈಗ ನನ್ನ ಪಕ್ಕದ ಕುರ್ಚಿಯಲ್ಲಿ ಓಣಿಯ ಇಬ್ಬರು ಹುಡುಗರು ಕೂರುತ್ತಾರೆ. ಅವರಿಗೂ ಮೊದಲು ಜ್ಯಾಬನ್ನೇ ಕಲಿಸುತ್ತಿದ್ದೇನೆ.