ರೇಬೀಸ್ ಶಿಬಿರದ ಒಂದು ಸೂಜಿ ಸಾಲದು

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅದರ ಆಸುಪಾಸಿನಲ್ಲಿ ಊರೂರಿನ ಪಶು ಆಸ್ಪತ್ರೆಗಳಲ್ಲಿ ನಾಯಿ, ಬೆಕ್ಕುಗಳಿಗೆ ಉಚಿತ ಲಸಿಕೆ ಶಿಬಿರ ನಡೆಯುತ್ತದೆ. ಜುಲೈ 6ರ ಪ್ರಾಣಿಜನ್ಯ ರೋಗಗಳ ದಿನದಂದೂ ಹೀಗೆಯೇ. 1885ರ ಅದೇ ದಿನ ಲೂಯಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ್ದ ಬಾಲಕನೊಬ್ಬನಿಗೆ ಮೊದಲ ಬಾರಿ ರೇಬೀಸ್ ಲಸಿಕೆ ಕೊಟ್ಟದ್ದು. ದನದ ಆಸ್ಪತ್ರೆಗೆ ನಾಯಿ ಯಾಕೆ ಎನ್ನುತ್ತಿದ್ದವರು ಈಗ ಮಕ್ಕಳ ಕೈಯಲ್ಲಿ ಮರಿ ಕೊಟ್ಟು ಕಳಿಸುತ್ತಾರೆ. ಇದು ದೊಡ್ಡ ಬದಲಾವಣೆ. ಆದರೆ ಶಿಬಿರ ಮುಗಿದು ಒಂದೆರಡು ವಾರಕ್ಕೆ ಅಂಥವೇ ಮನೆಗಳ ಮರಿಗಳು ರಕ್ತಭೇದಿಯಾಗಿ ಆಸ್ಪತ್ರೆಯ ಮೇಜಿನ ಮೇಲೆ ಮಲಗಿರುತ್ತವೆ. 'ಇಂಜೆಕ್ಷನ್ ಆಗಿದೆಯಲ್ಲ ಡಾಕ್ಟ್ರೇ, ಮತ್ತೆ ಯಾಕೆ ಹೀಗಾಯ್ತು?' ಎಂಬುದು ಮನೆಯವರ ಪ್ರಶ್ನೆ. ಆ ಪ್ರಶ್ನೆಗೆ ಉತ್ತರವಾಗಿ ಈ ಪತ್ರ.

ಶಿಬಿರದಲ್ಲಿ ಹಾಕುವುದು ರೇಬೀಸ್ ಲಸಿಕೆ ಒಂದನ್ನೇ. ಅದು ಹುಚ್ಚುನಾಯಿ ರೋಗವನ್ನು ತಡೆಯುತ್ತದೆ, ಬೇರೆ ಯಾವುದನ್ನೂ ಅಲ್ಲ. ರಕ್ತಭೇದಿ ತಂದು ಮರಿಗಳನ್ನು ಅತಿ ಹೆಚ್ಚು ಕೊಲ್ಲುವ ಪಾರ್ವೊ, ಮೂಗು-ಕಣ್ಣು ಸೋರಿ ಕೊನೆಗೆ ಕೈಕಾಲು ಅದುರಿಸುವ ಡಿಸ್ಟೆಂಪರ್, ಇಲಿಯ ಮೂತ್ರದಿಂದ ಬರುವ ಲೆಪ್ಟೊಸ್ಪೈರೋಸಿಸ್, ಇವಕ್ಕೆ ಬೇರೆಯದೇ ಲಸಿಕೆ ಇದೆ. ಅಂಗಡಿ ಮಾತಿನಲ್ಲಿ ಅದಕ್ಕೆ 'ಸೆವೆನ್ ಇನ್ ಒನ್', 'ನೈನ್ ಇನ್ ಒನ್' ಎನ್ನುತ್ತಾರೆ. ಅದನ್ನು ಒಂದು ಸಲ ಹಾಕಿಸಿದರೂ ಮುಗಿಯಲಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಕರುವಿಗೆ ಗಿಣ್ಣುಹಾಲು ಹೇಗೋ ನಾಯಿಮರಿಗೆ ಹುಟ್ಟಿದ ಮೊದಲ ದಿನದ ತಾಯಿಹಾಲು ಹಾಗೆ. ತಾಯಿಯ ರೋಗನಿರೋಧಕ ಶಕ್ತಿ ಆ ಹಾಲಿನ ಮೂಲಕ ಮರಿಗೆ ಬರುತ್ತದೆ, ಕೆಲವು ವಾರ ಅದನ್ನು ಕಾಪಾಡುತ್ತದೆ. ಆದರೆ ಅದೇ ಶಕ್ತಿ ನಾವು ಹಾಕುವ ಲಸಿಕೆಯನ್ನೂ ರೋಗಾಣು ಎಂದೇ ಎಣಿಸಿ ಹೊಡೆದುಹಾಕುತ್ತದೆ. ಅದು ಇಳಿದುಹೋಗುವ ಹೊತ್ತು ಒಂದೊಂದು ಮರಿಗೆ ಒಂದೊಂದು. ಒಂದೇ ಸೂಲಿನ ಮರಿಗಳಲ್ಲೂ ಒಂದಕ್ಕೆ 7 ವಾರಕ್ಕೆ ಇಳಿದರೆ ಇನ್ನೊಂದಕ್ಕೆ 12 ವಾರ ದಾಟಬಹುದು. ನಡುವೆ ಕೆಲವು ದಿನ ತಾಯಿಯಿಂದ ಬಂದ ಶಕ್ತಿ ರೋಗ ತಡೆಯಲು ಸಾಲದು, ಲಸಿಕೆಗೆ ಅಡ್ಡ ನಿಲ್ಲಲು ಸಾಕು. ಆ ದಿನಗಳಲ್ಲೇ ಪಾರ್ವೊ ನುಗ್ಗುವುದು. ಯಾವ ಮರಿಗೆ ಯಾವ ವಾರ ಎಂದು ನೋಡಿ ಹೇಳಲಾಗುವುದಿಲ್ಲವಾದ್ದರಿಂದ 6ರಿಂದ 8 ವಾರದೊಳಗೆ ಮೊದಲ ಸೂಜಿ ಹಾಕಿ, ಮೂರು-ನಾಲ್ಕು ವಾರಕ್ಕೊಮ್ಮೆ ಮರುಕಳಿಸಿ, ಕೊನೆಯದು 16 ವಾರ ತುಂಬಿದ ಮೇಲೆ ಬೀಳುವಂತೆ ನೋಡಿಕೊಳ್ಳಬೇಕು. ಎರಡು ಸೂಜಿಗೆ ನಿಲ್ಲಿಸಿದ ಮರಿ 10 ವಾರಕ್ಕೆ 'ಪೂರ್ತಿ' ಆದಂತೆ ಕಾಣುತ್ತದೆ, ಆದರೆ ಆಗಿರುವುದಿಲ್ಲ. ಮೊದಲ ವರ್ಷ ತುಂಬಿದಾಗ ಬೂಸ್ಟರ್ ಬೇಕು. ಲೆಪ್ಟೊಸ್ಪೈರೋಸಿಸ್ ಭಾಗವಂತೂ ಪ್ರತಿವರ್ಷ ಬೇಕು, ಅದರ ಕಾವಲು ಬೇಗ ಕಳೆಯುತ್ತದೆ. ಮಳೆಗಾಲ ಶುರುವಾಗುವ ಮೊದಲು ಹಾಕಿಸಿದರೆ ಒಳ್ಳೆಯದು.

ರೇಬೀಸ್ ಲಸಿಕೆಯ ಲೆಕ್ಕ ಬೇರೆ. 3 ತಿಂಗಳು ತುಂಬಿದ ಮೇಲೆ ಮೊದಲನೆಯದು. ನಮ್ಮಂಥ ರೋಗವಿರುವ ಪ್ರದೇಶದಲ್ಲಿ ಎರಡರಿಂದ ನಾಲ್ಕು ವಾರದೊಳಗೆ ಇನ್ನೊಂದು, ಆಮೇಲೆ ವರ್ಷಕ್ಕೊಂದು. ಶಿಬಿರದಲ್ಲಿ ಎರಡು ತಿಂಗಳ ಮರಿಗೂ ಹಾಕಿರಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಅದನ್ನು ಲೆಕ್ಕಕ್ಕೆ ಹಿಡಿಯದೆ 3 ತಿಂಗಳಿಗೆ ಮತ್ತೆ ಮೊದಲಿನಿಂದ ಶುರುಮಾಡಬೇಕು. ಸೂಜಿ ಬಿದ್ದ ಸಂಜೆಯಿಂದಲೇ ರಕ್ಷಣೆ ಬರುವುದಿಲ್ಲ, ಮೂರು-ನಾಲ್ಕು ವಾರ ಹಿಡಿಯುತ್ತದೆ. 'ನಮ್ಮದು ಪೊಮೇರಿಯನ್, ಅರ್ಧ ಹಾಕಿ' ಎಂದು ಕೇಳುವವರಿದ್ದಾರೆ. ಲಸಿಕೆಗೆ ತೂಕದ ಲೆಕ್ಕವಿಲ್ಲ. ಮುಧೋಳ ನಾಯಿಗೂ ಪೊಮೇರಿಯನ್‌ಗೂ ಬೀಳುವ ಡೋಸ್ ಒಂದೇ, ಸಾಮಾನ್ಯವಾಗಿ 1 ಮಿ.ಲೀ. ಅರ್ಧ ಹಾಕಿದರೆ ಹಾಕಿಲ್ಲವೆಂದೇ ತಿಳಿಯಬೇಕು.

ಸರಿಯಾದ ದಿನಕ್ಕೆ ಹಾಕಿಸಿಯೂ ಲಸಿಕೆ ಸೋಲುವುದುಂಟು. ಅದಕ್ಕೆ ದೊಡ್ಡ ಕಾರಣ ತಂಪು ತಪ್ಪುವುದು. ಲಸಿಕೆ ಕಂಪನಿಯಿಂದ ಹೊರಟು ನಾಯಿಯ ಚರ್ಮದೊಳಗೆ ಹೋಗುವವರೆಗೂ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಪಾರ್ವೊ, ಡಿಸ್ಟೆಂಪರ್ ಲಸಿಕೆಯಲ್ಲಿರುವುದು ಬಲಗುಂದಿಸಿದ ಜೀವಂತ ವೈರಸ್, ಬಿಸಿಯಾದರೆ ಸಾಯುತ್ತದೆ. ರೇಬೀಸ್ ಲಸಿಕೆಗೆ ಅದಕ್ಕೆ ತಿರುಗುಮುರುಗಾದ ಅಪಾಯ, ಹೆಪ್ಪುಗಟ್ಟಿದರೆ ಕೆಡುತ್ತದೆ. ಹೀಗಾಗಿ ಮೆಡಿಕಲ್ ಅಂಗಡಿಯಲ್ಲಿ ಕೊಂಡು ಜೇಬಿನಲ್ಲಿಟ್ಟುಕೊಂಡು ಬೈಕಿನಲ್ಲಿ ಅರ್ಧ ಗಂಟೆ ಬಂದ ಲಸಿಕೆಯನ್ನು ನಂಬುವಂತಿಲ್ಲ. ಮನೆಯ ಫ್ರಿಜ್‌ನ ಫ್ರೀಜರ್‌ಗೆ ಅಂಟಿಕೊಂಡಂತೆ ರಾತ್ರಿಯಿಡೀ ಇಟ್ಟದ್ದನ್ನೂ ನಂಬುವಂತಿಲ್ಲ. ಫ್ರಿಜ್‌ನ ಬಾಗಿಲೂ ಬೇಡ, ತೆರೆದಾಗಲೆಲ್ಲ ಬಿಸಿಗಾಳಿ ಹೊಡೆಯುತ್ತದೆ. ಹೊರಗೆ ಕೊಳ್ಳಲೇಬೇಕಾದರೆ ಥರ್ಮೋಕೋಲ್ ಡಬ್ಬಿ, ಐಸ್ ಪ್ಯಾಕ್, ನಡುವೆ ಬಟ್ಟೆಯ ಒಂದು ಮಡಿಕೆ ಇರಲಿ. ಸೀಸೆ ನೇರ ಐಸಿಗೆ ತಾಗಬಾರದು.

ವೈದ್ಯರು ಸೀಸೆ ತೆರೆಯುವುದನ್ನು ಪಕ್ಕದಲ್ಲಿ ನಿಂತು ನೋಡಿ, ಅದು ನಿಮ್ಮ ಹಕ್ಕು. ಸೆವೆನ್ ಇನ್ ಒನ್ ಆದರೆ ಎರಡು ಸಣ್ಣ ಸೀಸೆಗಳಿರುತ್ತವೆ. ಒಂದರ ತಳದಲ್ಲಿ ಒಣಗಿದ ಬಿಲ್ಲೆಯಂಥ ಪುಡಿ, ಇನ್ನೊಂದರಲ್ಲಿ ದ್ರವ. ದ್ರವವನ್ನು ಸಿರಿಂಜಿನಲ್ಲಿ ಎಳೆದು ಪುಡಿಯ ಸೀಸೆಗೆ ಬಿಟ್ಟು, ಪೂರ್ತಿ ಕರಗುವಂತೆ ಮೆಲ್ಲಗೆ ಆಡಿಸಿ, ತಡಮಾಡದೆ ಹಾಕಬೇಕು. ಬೆಳಗ್ಗೆ ಕಲಸಿಟ್ಟದ್ದು ಸಂಜೆಗೆ ಬರುವುದಿಲ್ಲ. ಸೀಸೆಯ ಮೇಲಿನ ಚೀಟಿಯನ್ನು ಸುಲಿದು ಕಾರ್ಡಿನ ಮೇಲೆ ಅಂಟಿಸಿಕೊಳ್ಳಿ. ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಅದರಲ್ಲೇ ಇರುತ್ತವೆ. ಪಕ್ಕದಲ್ಲಿ ದಿನಾಂಕ, ಸಹಿ, ಮುಂದಿನ ದಿನಾಂಕ. ಚೀಟಿಯಿಲ್ಲದೆ ಬರೀ ಟಿಕ್ ಮಾರ್ಕ್ ಇರುವ ಕಾರ್ಡು ಏನನ್ನೂ ಹೇಳುವುದಿಲ್ಲ. ಸೂಜಿ ಆದ ಮೇಲೆ ಅರ್ಧ ಗಂಟೆ ಆಸ್ಪತ್ರೆಯ ಜಗಲಿಯಲ್ಲೇ ಕುಳಿತಿರಿ. ಮುಖ ಊದಿಕೊಂಡರೆ, ಪದೇಪದೇ ವಾಂತಿಯಾದರೆ, ಒಸಡು ಬಿಳಚಿದರೆ ಅಲ್ಲೇ ಚಿಕಿತ್ಸೆ ಸಿಗುತ್ತದೆ. ಸೂಜಿ ಚುಚ್ಚಿದಲ್ಲಿ ಸಣ್ಣ ಗಂಟು, ಒಂದು ದಿನದ ಮಂಕು ಇದ್ದರೆ ಹೆದರಬೇಕಿಲ್ಲ. ಜ್ವರವಿರುವ, ಊಟ ಬಿಟ್ಟಿರುವ ಪ್ರಾಣಿಗೆ ಮಾತ್ರ ಆ ದಿನ ಲಸಿಕೆ ಬೇಡ. ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯರ ಕೈಗೆ ಅದು ಸದಾ ಜ್ವರದಂತೆಯೇ ತೋರುವುದರಿಂದ ಥರ್ಮಾಮೀಟರ್ ಇಟ್ಟೇ ನೋಡಬೇಕು.

ಶಿಬಿರದ ದಿನದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹತ್ತಾರು ನಾಯಿಗಳು ಬಂದುಹೋಗುವ ಆಸ್ಪತ್ರೆಯ ಅಂಗಳದಲ್ಲಿ ಲಸಿಕೆಯಾಗದ ಮರಿಯನ್ನು ಕೆಳಗೆ ಬಿಟ್ಟರೆ, ರೇಬೀಸ್‌ನಿಂದ ಕಾಯಲು ಬಂದು ಪಾರ್ವೊ ಅಂಟಿಸಿಕೊಂಡು ಹೋದಂತಾಗುತ್ತದೆ. ನಾಲ್ಕು ತಿಂಗಳೊಳಗಿನ ಮರಿಯನ್ನು ಟವೆಲ್ ಹಾಸಿದ ಬುಟ್ಟಿಯಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ತನ್ನಿ. ನೆಲ ಮುಟ್ಟಿಸಬೇಡಿ, ಬೇರೆ ನಾಯಿ ಮೂಸಲು ಬಿಡಬೇಡಿ. ಮನೆಯಲ್ಲಿ ಪಾರ್ವೊದಿಂದ ಒಂದು ಮರಿ ಸತ್ತಿದ್ದರೆ ಫಿನಾಯಿಲ್ ಹಾಕಿ ತೊಳೆದೆವೆಂದು ನೆಮ್ಮದಿಯಾಗಿರಬೇಡಿ. ಮೊದಲು ಸೋಪು ನೀರಿನಲ್ಲಿ ಕಸ, ಮಲ ಎಲ್ಲ ಹೋಗುವಂತೆ ಉಜ್ಜಿ, ಒಂದು ಲೀಟರ್ ನೀರಿಗೆ ಸುಮಾರು 30 ಮಿ.ಲೀ. ಬ್ಲೀಚ್ ದ್ರಾವಣ ಬೆರೆಸಿ ನೆಲದ ಮೇಲೆ 10 ನಿಮಿಷ ನಿಲ್ಲಿಸಬೇಕು. ಮಣ್ಣಿನ ಅಂಗಳಕ್ಕೆ ಇದೂ ಪೂರ್ತಿ ಆಗದು, ಅಲ್ಲಿಗೆ ಲಸಿಕೆಯ ಸುತ್ತು ಮುಗಿಸಿದ ನಾಯಿಯನ್ನೇ ತರಬೇಕು. ಮರಿ ಊಟ ಬಿಟ್ಟು ಮೂಲೆ ಸೇರಿ, ಹಳದಿ ನೊರೆ ವಾಂತಿ ಮಾಡಿದರೆ ಅಂದೇ ಕರೆತನ್ನಿ. ಆ ನಾತದ ರಕ್ತಭೇದಿ ಕಾಣಿಸುವವರೆಗೆ ಮಜ್ಜಿಗೆ, ಗ್ಲೂಕೋಸ್ ಕುಡಿಸುತ್ತ ಕಾದರೆ ಉಳಿಸುವ ಹೊತ್ತು ಕಳೆದಿರುತ್ತದೆ.

ಜಂತುಹುಳದ ಔಷಧವನ್ನೂ ಜನ ವರ್ಷಕ್ಕೊಮ್ಮೆಯ ಕೆಲಸ ಎಂದುಕೊಂಡಿದ್ದಾರೆ. ದುಂಡುಹುಳು ತಾಯಿಯ ಗರ್ಭದಲ್ಲಿರುವಾಗಲೇ ಮರಿಗೆ ದಾಟುತ್ತದೆ. ಆದ್ದರಿಂದ 2 ವಾರದ ವಯಸ್ಸಿನಿಂದಲೇ ಎರಡು ವಾರಕ್ಕೊಮ್ಮೆ 8 ವಾರದವರೆಗೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ನಂತರ ಮೂರು ತಿಂಗಳಿಗೊಮ್ಮೆ. ಇಲ್ಲಿ ಮಾತ್ರ ತೂಕವೇ ಎಲ್ಲ. ನಾಯಿಯನ್ನೆತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು, ಎರಡರ ವ್ಯತ್ಯಾಸ ಬರೆದುಕೊಂಡು ಬನ್ನಿ. ಮನುಷ್ಯರ ಆಲ್ಬೆಂಡಜೋಲ್ ಮಾತ್ರೆ ಅಂದಾಜಿನ ಮೇಲೆ ಕೊಡುವುದು ಬೇಡ, ನಾಯಿ, ಬೆಕ್ಕುಗಳ ಅಸ್ಥಿಮಜ್ಜೆಗೆ ಅದು ಕೆಡುಕು ಮಾಡಬಲ್ಲದು. ಬಾಲದ ಬುಡದಲ್ಲಿ ಅಕ್ಕಿಕಾಳಿನಂಥವು ಅಂಟಿದ್ದರೆ ಅದು ಲಾಡಿಹುಳು, ಅದನ್ನು ತರುವುದು ಚಿಗಟ. ಚಿಗಟ ಬಿಟ್ಟು ಬರೀ ಹುಳಕ್ಕೆ ಮದ್ದು ಕೊಟ್ಟರೆ ಕೆಲವೇ ವಾರದಲ್ಲಿ ಮತ್ತೆ ಅದೇ.

ರಕ್ತ ಹೀರುವ ಉಣ್ಣೆ ಹುಳದ ಕಾಟಕ್ಕೆ ಜನ ನಾಯಿಯ ಮೈಯನ್ನಷ್ಟೇ ನೋಡುತ್ತಾರೆ. ಮೈಮೇಲೆ ಕಾಣುವುದು ಸ್ವಲ್ಪ. ಉಳಿದದ್ದೆಲ್ಲ ಗೋಡೆಯ ಬಿರುಕು, ಗೂಡಿನ ಗೋಣಿಚೀಲ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ. ರಕ್ತ ಕುಡಿದು ಹುರುಳಿಕಾಳಿಗಿಂತ ದಪ್ಪಗಾದ ಒಂದು ಹೆಣ್ಣು ಉಣ್ಣೆ ಕಳಚಿಬಿದ್ದು ಅಂಥ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಆದ್ದರಿಂದ ಗೋಣಿಚೀಲ ಸುಡಬೇಕು, ಬಿರುಕಿಗೆ ಸಿಮೆಂಟ್ ಮೆತ್ತಬೇಕು, ನಾಯಿಗೆ ವೈದ್ಯರು ತೂಕ ನೋಡಿ ಬರೆದ ಮಾತ್ರೆಯನ್ನೋ ಕತ್ತಿನ ಹಿಂದೆ ಬಿಡುವ ಹನಿಯನ್ನೋ ತಪ್ಪದೆ ಮುಂದುವರಿಸಬೇಕು. ಹನಿ ಹಾಕುವ ಎರಡು ದಿನ ಹಿಂದೆ ಮುಂದೆ ಸ್ನಾನ ಬೇಡ. ಕೀಳುವಾಗ ಚಿಮಟವನ್ನು ಚರ್ಮಕ್ಕೆ ತಾಗಿಸಿ ಹಿಡಿದು ನೇರಕ್ಕೆ ಮೆಲ್ಲನೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ, ಬರಿಗೈಯಲ್ಲಿ ಹಿಚುಕುವುದು ಯಾವುದೂ ಬೇಡ. ದನಕ್ಕೆಂದು ತಂದ ಉಣ್ಣೆ ಔಷಧವನ್ನು ನಾಯಿಗೆ ಸುರಿದು, ಅದು ನೆಕ್ಕಿ ಜೊಲ್ಲು ಸುರಿಸುತ್ತ ನಡುಗುವುದನ್ನು ಬೇಸಿಗೆಯಲ್ಲಿ ಕಾಣುತ್ತಲೇ ಇರುತ್ತೇವೆ. ಪರ್ಮೆಥ್ರಿನ್ ಇರುವ ಔಷಧವಂತೂ ಬೆಕ್ಕಿಗೆ ವಿಷ. ಉಣ್ಣೆಯಿರುವ ನಾಯಿಯ ತುಟಿಯನ್ನು ವಾರಕ್ಕೊಮ್ಮೆ ಎತ್ತಿ ಒಸಡು ನೋಡಿ. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣ ಬರಬೇಕು. ಒಸಡು ಸುಣ್ಣದಂತೆ ಬಿಳಚಿದ್ದರೆ, ಮೂಗಿನಲ್ಲಿ ರಕ್ತ ಬಂದರೆ ಉಣ್ಣೆ ಜ್ವರ ಇರಬಹುದು. ಆ ದಿನವೇ ರಕ್ತ ಪರೀಕ್ಷೆ ಮಾಡಿಸಬೇಕು. ಅಂದಹಾಗೆ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವ ಕಾಡಿನ ಉಣುಗು ಬೇರೆ, ಮನೆ ಗೋಡೆಯ ಈ ಉಣ್ಣೆ ಬೇರೆ. ಆದರೂ ಮಲೆನಾಡಿನಲ್ಲಿ ಕಾಡು ಸುತ್ತಿ ಬಂದ ನಾಯಿಯನ್ನು ಒಳಗೆ ಬಿಡುವ ಮೊದಲು ಮೈ ನೋಡುವುದು ಒಳಿತು.

ಊಟದ ಬಗ್ಗೆ ಎರಡೇ ಮಾತು. ರಾಗಿಮುದ್ದೆ ನಾಯಿಗೆ ಕೆಟ್ಟದ್ದಲ್ಲ, ಆದರೆ ಮುದ್ದೆಯ ಮೇಲೆ ಸುರಿಯುವ ಸಾರಿನ ಈರುಳ್ಳಿ, ಬೆಳ್ಳುಳ್ಳಿ ಅದರ ರಕ್ತಕಣಗಳನ್ನು ಒಡೆಯುತ್ತವೆ. ಒಗ್ಗರಣೆಗೆ ಮೊದಲೇ ಅದರ ಪಾಲು ತೆಗೆದಿಡಿ, ಮೊಟ್ಟೆಯನ್ನೋ ಮಾಂಸವನ್ನೋ ಸೇರಿಸಿ. ಬೆಕ್ಕು ಹಾಲು-ಅನ್ನದಲ್ಲಿ ಬದುಕುವ ಪ್ರಾಣಿಯಲ್ಲ. ಮಾಂಸ, ಮೀನಿನಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಇನ್ನು ಬೆಕ್ಕಿಗೆ ಜ್ವರವೆಂದು ಪ್ಯಾರಸಿಟಮಾಲ್ ಕೊಡಲೇಬೇಡಿ, ಒಂದೇ ಮಾತ್ರೆಯಲ್ಲಿ ಸಾಯಬಹುದು.

ಲಸಿಕೆಯಾದ ನಾಯಿಯೇ ಕಚ್ಚಿದರೂ, ಬೆಕ್ಕು ಪರಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ಗಡಿಯಾರ ನೋಡಿ ತೊಳೆಯಿರಿ. ಸುಣ್ಣ, ಅರಿಸಿನ, ಕಾಫಿಪುಡಿ ಮೆತ್ತಬೇಡಿ. ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ. ನಾಯಿಯನ್ನು ಹೊಡೆದು ಕೊಲ್ಲದೆ 10 ದಿನ ಕಟ್ಟಿ ನೋಡಿ. ನಿಮ್ಮ ಸಾಕುನಾಯಿಗೆ ಬೀದಿನಾಯಿ ಕಚ್ಚಿದ್ದರೆ ಕೈಗವಸು ತೊಟ್ಟು ಅದರ ಗಾಯವನ್ನೂ ಹಾಗೆಯೇ ತೊಳೆಯಬೇಕು. ಹೋದ ವರ್ಷದ ಸೂಜಿ ಇದ್ದರೂ ಮತ್ತೆ ಹಾಕಿಸಬೇಕು.

ಪಶುಸಂಗೋಪನಾ ಇಲಾಖೆಗೆ ನಮ್ಮ ಬೇಡಿಕೆ ದುಬಾರಿಯದಲ್ಲ. ಶಿಬಿರದಲ್ಲಿ ಕೊಡುವ ಪ್ರಮಾಣಪತ್ರದಲ್ಲಿ 'ಇದು ರೇಬೀಸ್ ಲಸಿಕೆ ಮಾತ್ರ' ಎಂದೂ 'ಮುಂದಿನ ದಿನಾಂಕ' ಎಂದೂ ಎರಡು ಗೆರೆ ಅಚ್ಚಾಗಲಿ. ಮರಿಗಳಿಗೆ ಬೇರೆ ಸಾಲು, ಎತ್ತರದ ಮೇಜು ಇರಲಿ. ನಾಲ್ಕು ವಾರ ಬಿಟ್ಟು ಅದೇ ಊರಿನಲ್ಲಿ ಎರಡನೇ ಸುತ್ತು ನಡೆಯಲಿ. ಕೂಲಿ ಬಿಟ್ಟು ಬರಲಾಗದವರಿಗಾಗಿ ಅದು ಭಾನುವಾರ ಬೆಳಗ್ಗೆಯಿದ್ದರೆ ಇನ್ನೂ ಅನುಕೂಲ.

— ಸಾಕುಪ್ರಾಣಿ ಚಿಕಿತ್ಸೆಯಲ್ಲಿ ತೊಡಗಿರುವ ಇಬ್ಬರು ಪಶುವೈದ್ಯರು, ಹಾಸನ