ಹಳೆ ಕಾರಿನ ಶಾಫ್ಟ್ ಗುಜರಿಗೆ ಹಾಕುವ ಮುನ್ನ

ಮಾನ್ಯ ಸಂಪಾದಕರಿಗೆ,

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್ ಅದಕ್ಕೂ ಎಷ್ಟೋ ಮೊದಲೇ ನಿಂತವು. ಇಂಥ ಕಾರುಗಳನ್ನು ಜತನವಾಗಿ ಇಟ್ಟುಕೊಂಡವರು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಇನ್ನೂ ಇದ್ದಾರೆ. ಪ್ರೊಪೆಲ್ಲರ್ ಶಾಫ್ಟ್ (ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳತ್ತ ಒಯ್ಯುವ ಉದ್ದನೆಯ ದಂಡ) ಸದ್ದು ಮಾಡತೊಡಗಿ ಅಂಗಡಿಗೆ ಹೋದರೆ ಸಿಗುವ ಉತ್ತರ ಒಂದೇ: ‘ಆ ಗಾಡಿ ಸಾಮಾನು ಈಗ ಬರಂಗಿಲ್ರಿ.’ ಆ ಮಾತು ನಂಬಿ ಒಳ್ಳೆಯ ಶಾಫ್ಟ್‌ಗಳನ್ನು ಗುಜರಿಗೆ ಹಾಕುತ್ತಿರುವುದು ದುಃಖದ ಸಂಗತಿ.

ಶಾಫ್ಟ್‌ನಲ್ಲಿ ಸಾಮಾನ್ಯವಾಗಿ ಸವೆಯುವುದು ಯುಜೆ (ಯೂನಿವರ್ಸಲ್ ಜಾಯಿಂಟ್) ಕ್ರಾಸ್, ಅಂದರೆ ಶಾಫ್ಟ್ ತುದಿಯ ಕೀಲಿನಲ್ಲಿರುವ ನಾಲ್ಕು ಕೈಗಳ ಉಕ್ಕಿನ ತುಂಡು. ಅದನ್ನು ಅಳತೆಯ ಮೇಲೆ ತಯಾರಿಸುತ್ತಾರೆ. ಒಂದೇ ಅಳತೆಯ ಕ್ರಾಸ್ ಹಲವು ಗಾಡಿಗಳಿಗೆ ಕೂಡುತ್ತದೆ. ಆದ್ದರಿಂದ ಅಂಗಡಿಯಲ್ಲಿ ಕಾರಿನ ಹೆಸರು ಹೇಳುವ ಬದಲು ವರ್ನಿಯರ್ ಕ್ಯಾಲಿಪರ್‌ನಿಂದ ತೆಗೆದ ಅಳತೆ ಹೇಳಿ. ಕಪ್‌ನ (ಕ್ರಾಸ್‌ನ ಕೈ ಮೇಲೆ ಕೂಡುವ ಮುಚ್ಚಳದ) ಹೊರ ವ್ಯಾಸ, ಎದುರುಬದುರು ಕಪ್‌ಗಳ ತುದಿಯಿಂದ ತುದಿಗೆ ಇರುವ ಉದ್ದ, ಸರ್ಕ್ಲಿಪ್ (ಕಪ್ ಜಾರದಂತೆ ಹಿಡಿಯುವ ಕ್ಲಿಪ್) ಯೋಕ್‌ನ (ಕ್ರಾಸ್ ಕೂಡುವ ಕವಲಿನ) ಹೊರಬದಿಗೆ ಕೂಡುತ್ತದೋ ಒಳಬದಿಗೋ, ಇಷ್ಟು ಬೇಕು. ಒಳಬದಿಯದಾದರೆ ಕ್ಲಿಪ್ ಕೂಡುವ ಗ್ರೂವ್‌ನಿಂದ (ಕೊರೆದ ಗೆರೆಯಿಂದ) ಗ್ರೂವ್‌ಗೆ ಅಳೆಯಬೇಕು. ಸವೆದ ಕ್ರಾಸ್‌ನ ಅಳತೆ ಮೋಸ ಮಾಡಬಹುದು, ಯೋಕ್‌ನ ತೂತನ್ನೂ ಅಳೆದುಕೊಳ್ಳಿ.

ಇಂಗ್ಲೆಂಡ್, ಅಮೆರಿಕ ಮೂಲದ ಗಾಡಿಗಳದು ಇಂಚಿನ ಲೆಕ್ಕ. 15/16 ಇಂಚು ಎಂದರೆ 23.81 ಮಿ.ಮೀ. ಆ ತೂತಿಗೆ 24 ಮಿ.ಮೀ. ಕಪ್ಪನ್ನು ಸುತ್ತಿಗೆಯಿಂದ ಹೊಡೆದು ಕೂಡಿಸಿದರೆ ಕಪ್ ಹಿಂಡಿ ಒಳಗಿನ ನೀಡಲ್‌ಗಳು (ಸೂಜಿಯಂಥ ಬೇರಿಂಗ್ ರೋಲರ್‌ಗಳು) ಬಿಗಿಯುತ್ತವೆ, ಹೊಸ ಕ್ರಾಸ್ ಬೇಗನೆ ಸುಟ್ಟುಹೋಗುತ್ತದೆ. 1 1/16 ಇಂಚಿನದಾದರೆ 26.99 ಮಿ.ಮೀ., ಅಲ್ಲಿ 27ರ ಕಪ್ ತೊಂದರೆ ಕೊಡದು. ಕೂಡಿಸುವಾಗ ವೈಸ್ ಮತ್ತು ಸಾಕೆಟ್ ಬಳಸಿ ಒತ್ತಬೇಕು. ನೀಡಲ್‌ಗಳನ್ನು ಗ್ರೀಸ್ ಹಚ್ಚಿ ನಿಲ್ಲಿಸದಿದ್ದರೆ ಒಂದು ಉರುಳಿ ಕಪ್‌ನ ತಳಕ್ಕೆ ಬೀಳುತ್ತದೆ. ಸರ್ಕ್ಲಿಪ್ ಗ್ರೂವ್‌ಗೆ ಪೂರ್ತಿ ಕೂಡುತ್ತಿಲ್ಲವೆಂದರೆ ಮೊದಲು ಇದನ್ನೇ ನೋಡಿ. ಕ್ಲಿಪ್ಪನ್ನು ಉಜ್ಜಿ ತೆಳ್ಳಗೆ ಮಾಡಬೇಡಿ.

ಕ್ರಾಸನ್ನು ಲೇಥ್‌ನಲ್ಲಿ ತಿರುವಿಸಿಕೊಡುತ್ತೇವೆ ಎನ್ನುವವರನ್ನು ನಂಬಬಾರದು. ಕಂಪನಿಯ ಕ್ರಾಸ್‌ನ ಮೇಲ್ಮೈಯನ್ನು ಕೇಸ್ ಹಾರ್ಡನಿಂಗ್ ಮಾಡಿ ಗಟ್ಟಿಗೊಳಿಸಿರುತ್ತಾರೆ. ಮೆತ್ತಗಿನ ಉಕ್ಕಿನಲ್ಲಿ ನೀಡಲ್‌ಗಳು ಗೀರು ಕೊರೆಯುತ್ತವೆ. ಯೋಕ್‌ನ ತೂತು ಸಡಿಲಾಗಿ ಕಪ್ ತಿರುಗುತ್ತಿದ್ದರೆ ಸೆಂಟರ್ ಪಂಚ್‌ನಿಂದ ಸುತ್ತ ಚುಚ್ಚಿ ಬಿಗಿ ಮಾಡುವ ರೂಢಿ ಇದೆ. ಅದು ಹೆಚ್ಚು ದಿನ ನಿಲ್ಲದು. ಸರಿಯಾದ ದಾರಿ ಎಂದರೆ ಪೈಪಿನಿಂದ ಯೋಕ್ ಕತ್ತರಿಸಿ, ಅದೇ ಅಳತೆಯ ಬೇರೆ ಯೋಕ್ ಕೂಡಿಸಿ, ಮೊದಲು ನಾಲ್ಕು ಕಡೆ ಟ್ಯಾಕ್ ವೆಲ್ಡ್ ಹಾಕಿ, ಡಯಲ್ ಗೇಜ್ ಇಟ್ಟು ಓರೆ (ತಿರುಗುವಾಗಿನ ವಾಲಾಟ) ತೆಗೆದು, ಆಮೇಲೆ ಪೂರ್ತಿ ವೆಲ್ಡಿಂಗ್ ಮಾಡುವುದು. ಓರೆ ಕಾಲು ಮಿ.ಮೀ. ಒಳಗೆ ಬರಬೇಕು. ಬಳಿಕ ಬ್ಯಾಲೆನ್ಸಿಂಗ್ ತಪ್ಪಿಸುವಂತಿಲ್ಲ. ಲಾರಿ ಶಾಫ್ಟ್‌ಗಳ ಕೆಲಸ ಮಾಡುವವರ ಬಳಿ ವಿಚಾರಿಸಿದರೆ ಇದಕ್ಕೆ ದಾರಿ ಸಿಗುತ್ತದೆ.

ಶಾಫ್ಟ್‌ನ ಎರಡೂ ತುದಿಯ ಯೋಕ್‌ಗಳು ಒಂದೇ ಸಾಲಿನಲ್ಲಿರಬೇಕು. ಕ್ರಾಸ್ ಕೋನದಲ್ಲಿ ತಿರುಗುವಾಗ ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗ ಏರಿಳಿಯುತ್ತದೆ. ಒಂದು ತುದಿಯ ಕ್ರಾಸ್‌ನ ಏರಿಳಿತವನ್ನು ಇನ್ನೊಂದು ತುದಿಯದು ಸರಿದೂಗಿಸಬೇಕಾದರೆ ಈ ಸಾಲು ತಪ್ಪಬಾರದು. ಹಲವರು ಸ್ಲಿಪ್ ಯೋಕ್ (ಹಲ್ಲುಗಳ ಮೇಲೆ ಹಿಂದೆ ಮುಂದೆ ಜಾರುವ ಯೋಕ್) ಎಳೆಯುವ ಮುನ್ನ ಗುರುತು ಹಾಕುವುದಿಲ್ಲ. ಸ್ಪ್ಲೈನ್ (ಅದು ಜಾರುವ ಉದ್ದುದ್ದ ಹಲ್ಲುಗಳು) ಒಂದು ಹಲ್ಲು ಆಚೀಚೆಯಾದರೂ ಗಾಡಿ ನಡುಗುತ್ತದೆ, ದೋಷ ಹೊಸ ಕ್ರಾಸ್‌ನ ತಲೆಗೆ ಬರುತ್ತದೆ.

ನಿಜವಾಗಿ ಸಿಗದ ಸಾಮಾನು ಎಂದರೆ ಸ್ಲಿಪ್ ಯೋಕ್ ಮತ್ತು ಫ್ಲ್ಯಾಂಜ್ (ಶಾಫ್ಟನ್ನು ಬೋಲ್ಟ್‌ನಿಂದ ಬಿಗಿಯುವ ಚಪ್ಪಟೆ ತುದಿ). ಹಲ್ಲಿನ ಎಣಿಕೆ, ಹೊರ-ಒಳ ವ್ಯಾಸ, ಹಲ್ಲು ನೇರವೋ ಬಾಗಿದ್ದೋ, ಎಲ್ಲ ಹೊಂದಬೇಕು. ಇವುಗಳ ತಲೆನೋವಿಗೆ ಬೇಸತ್ತು ಕೆಲವರು ಬೇರೆ ಗಾಡಿಯ ಎಂಜಿನ್, ಗೇರ್‌ಬಾಕ್ಸನ್ನೇ ಇಡಿಯಾಗಿ ಕೂಡಿಸುತ್ತಾರೆ. 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಲು 2021ರ ಕೇಂದ್ರ ನಿಯಮದಂತೆ ಅದು ಮೂಲ ರೂಪದಲ್ಲೇ ಇರಬೇಕು ಎಂಬುದನ್ನು ಅವರು ನೆನಪಿಡಬೇಕು.

ಸ್ಪೇರ್ ಪಾರ್ಟ್ಸ್ ಅಂಗಡಿಯವರು ‘ಯಾವ ಗಾಡಿ’ ಎಂದು ಕೇಳಿ ಕೈಯಾಡಿಸುವ ಮೊದಲು ಕ್ರಾಸ್ ಕಂಪನಿಗಳ ಅಳತೆಪಟ್ಟಿ ತೆರೆದು ನೋಡಲಿ. ಗುಜರಿಯವರಲ್ಲಿಯೂ ಒಂದು ವಿನಂತಿ: ಹಳೆ ಕಾರು ಒಡೆಯುವಾಗ ಶಾಫ್ಟನ್ನು ಗ್ಯಾಸ್ ಕಟರ್‌ನಿಂದ ತುಂಡರಿಸದೆ, ಫ್ಲ್ಯಾಂಜ್‌ನ ನಾಲ್ಕು ಬೋಲ್ಟ್ ಬಿಚ್ಚಿ ಸ್ಲಿಪ್ ಯೋಕ್ ಸಮೇತ ಇಡಿಯಾಗಿ ತೆಗೆದಿಡಿ. ಕಾವು ತಗುಲಿದ ಸ್ಪ್ಲೈನ್ ಮತ್ತೆ ಬಳಕೆಗೆ ಬಾರದು.

— ಹಳೆಯ ಕಾರುಗಳ ದುರಸ್ತಿಗಾರರು, ಹುಬ್ಬಳ್ಳಿ