ಕೊಪ್ಪಳದ ಸಂಸದ ಸಾಹೇಬ್ರಿಗೆ: ಸಾರ್ಟೆಕ್ಸ್ ಪಾರ್ಟ್ಸ್‌ಗೆ ಎಲ್ಲಾ ಬಂದರಿನಾಗೂ ಒಂದೇ ಕೋಡ್ ಕೊಡಸ್ರಿ

ಸಂಸದ ಸಾಹೇಬ್ರಿಗೆ ನಮಸ್ಕಾರ್ರಿ,

ನಾನು ಗಂಗಾವತಿ ಕಡಿಯಾಂವ. ರೈಸ್ ಮಿಲ್‌ನಾಗಿನ ಸಾರ್ಟೆಕ್ಸ್ ಮಷಿನ್ ರಿಪೇರಿ ಮಾಡೋದು, ಅದರ ಸ್ಪೇರ್ ಪಾರ್ಟ್ಸ್ ಹೊರದೇಶದಿಂದ ತರಿಸಿ ಮಾರೋದು ನನ್ನ ಕೆಲಸ. ಗಂಗಾವತಿ, ಕಾರಟಗಿ, ಆ ಕಡೆ ಸಿಂಧನೂರು, ಈ ಕಡೆ ಸಿರುಗುಪ್ಪ, ಈ ಭತ್ತದ ಊರುಗಳು ಮೂರು ಜಿಲ್ಲಾದಾಗ ಹಂಚಿಹೋಗಿದ್ರೂ ಲೋಕಸಭಾಕ್ಕ ಬಂದ್ರ ನಿಮ್ಮ ಒಂದೇ ಕ್ಷೇತ್ರದಾಗ ಅದಾವ, ಅದಕ್ಕ ಈ ಪತ್ರ ನಿಮಗ. ಎಮ್ಮೆಲ್ಲೆ ಹತ್ರ ಹೋಗಿ ಉಪಯೋಗಿಲ್ಲ, ಕಸ್ಟಮ್ಸ್ ಪೂರ್ತಿ ಕೇಂದ್ರದ್ದು. ಇನ್ನೊಂದು ಮಾತು ಮೊದಲ ಹೇಳಿಬಿಡ್ತೀನಿ, ಡ್ಯೂಟಿ (ಆಮದು ಸುಂಕ) ಕಡಿಮಿ ಮಾಡಸ್ರಿ ಅಂತ ಕೇಳಾಕ ನಾನು ಬಂದಿಲ್ಲ. ಎಷ್ಟರ ಹಾಕ್ಲಿ, ಎಷ್ಟು ಅಂತ ಮಾಲು ಹಡಗು ಹತ್ತೋಕ್ಕಿಂತ ಮುಂಚೆ ಗೊತ್ತಾಗ್ಲಿ, ಅಷ್ಟ.

ಸಾರ್ಟೆಕ್ಸ್ ಮಷಿನ್ ನೀವು ನೋಡೇ ಇರ್ತೀರಿ, ಮಿಲ್ ಉದ್ಘಾಟನಾಕ್ಕ ಹೋದಾಗ ರಿಬ್ಬನ್ ಕಟ್ಟಿರ್ತಾರಲ್ಲ ಅದ. ಅಕ್ಕಿ ಚ್ಯೂಟ್ ಮ್ಯಾಲಿಂದ ಜಾರಿ ಬೀಳೋವಾಗ ಕ್ಯಾಮೆರಾ ನೋಡ್ತೈತಿ, ಕರಿಕಾಳು, ಹಳದಿ ಕಾಳು, ಕಲ್ಲು ಕಂಡ್ರ ಇಜೆಕ್ಟರ್ ವಾಲ್ವ್ ಕಣ್ಣು ಮುಚ್ಚಿ ತೆಗಿಯೋದ್ರಾಗ ಗಾಳಿ ಊದಿ ಅದನ್ನ ಆ ಕಡೆ ಹಾರಸ್ತೈತಿ. ವಾಲ್ವ್ ಕೆಟ್ರ ಒಂದೋ ಕರಿಕಾಳು ಒಳಗ ಉಳಿತಾವ, ಇಲ್ಲಾ ಛಲೋ ಅಕ್ಕಿನೂ ರಿಜೆಕ್ಷನ್‌ಗೆ ಹೋಗ್ತೈತಿ, ಎರಡೂ ಲುಕ್ಸಾನ. (ವಾಲ್ವ್ ಕೆಡೋದ್ರಾಗ ನಮ್ಮ ಮಿಲ್ಲಿನವರ ಪಾಲೂ ಐತ್ರಿ, ಕಂಪ್ರೆಸರ್ ನೀರು ದಿನಾ ಬಿಡ್ರಪಾ ಅಂದ್ರ ಕೇಳಂಗಿಲ್ಲ, ಗಾಳಿ ಜೋಡಿ ನೀರು ಎಣ್ಣಿ ಹೋಗಿ ವಾಲ್ವ್ ಹಿಡ್ಕೊಂತಾವ. ಅದಕ್ಕ ಸರಕಾರ ಏನು ಮಾಡ್ತೈತಿ.)

ಈಗ ಕೋಡಿನ ವಿಷಯಕ್ಕ ಬರ್ತೀನಿ. ಹೊರದೇಶದಿಂದ ಬರೋ ಮಾಲಿಗೆಲ್ಲಾ ಕಸ್ಟಮ್ಸ್‌ನಾಗ ಒಂದು ನಂಬರ್ ಇರ್ತೈತಿ, ಎಷ್ಟು ಡ್ಯೂಟಿ ಅನ್ನೋದು ಆ ನಂಬರಿನ ಮ್ಯಾಲ ನಿಂತಿರ್ತೈತಿ. ಪೂರ್ತಿ ಮಷಿನ್ ತಂದ್ರ ತಕರಾರು ಇಲ್ಲ, ಕಾಳು ಸ್ವಚ್ಛ ಮಾಡೋ, ವಿಂಗಡಿಸೋ ಮಷಿನ್ ಅಂತ 8437ರಾಗ ಬರ್ತೈತಿ. ಅದರ ಪಾರ್ಟ್ಸ್‌ಗೆ 8437 90 ಅಂತ ಐತಿ. ಹಂಗಾರ ಸಾರ್ಟೆಕ್ಸ್‌ನ ಪಾರ್ಟ್ ಎಲ್ಲಾ ಅದರಾಗ ಹಾಕಿ ಮುಗಸ್ಬೋದಲ್ಲ ಅಂತೀರಿ, ಇಲ್ರಿ. 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಸುಂಕದ ಪಟ್ಟಿಯೊಳಗ (ಮೊದಲನೇ ಶೆಡ್ಯೂಲ್) 16ನೇ ಸೆಕ್ಷನ್ ಶುರುವಿನಾಗ ನೋಟ್ 2 ಅಂತ ಒಂದೈತಿ. ಅದು ಹೇಳೋದು, ಆ ಪಾರ್ಟಿಗೆ 84 ಇಲ್ಲಾ 85ನೇ ಅಧ್ಯಾಯದಾಗ ಅದರದ್ದೇ ಹೆಡಿಂಗ್ (ನಾಲ್ಕಂಕಿ ಕೋಡ್) ಇದ್ರ, ಯಾವ ಮಷಿನ್‌ಗೆ ಕುಂತ್ರೂ ಅದರದ್ದೇ ಹೆಡಿಂಗ್‌ಗೆ ಹೋಗ್ಬೇಕು. ಹಂಗಾಗಿ ಬೇರಿಂಗ್ 8482, ವಾಲ್ವ್ 8481, ಪವರ್ ಸಪ್ಲೈ 8504, ಕ್ಯಾಮೆರಾ 8525. ತನ್ನದೇ ಹೆಡಿಂಗ್ ಇಲ್ಲದ್ದು, ಆ ಮಷಿನ್‌ಗೇ ಅಂತ ಮಾಡಿದ್ದು, ಅಂದ್ರ ಚ್ಯೂಟ್, ಫೀಡರ್ ಟ್ರೇ ಇಂಥಾವು, ಅವಷ್ಟೇ 8437 90. ರಬ್ಬರ್ ಬೆಲ್ಟು, ನಟ್ಟು ಬೋಲ್ಟು, ಸ್ಪ್ರಿಂಗು ಆ ಸೆಕ್ಷನ್ನಿನಿಂದನೇ ಹೊರಗ.

ಇಷ್ಟರತನ ಚೊಕ್ಕ ಐತಿ, ನನಗೂ ಒಪ್ಪಿಗಿನ. ಜಗಳ ಇರೋದು ನಡುವಿನ ಮಾಲಿಂದು. ಇಜೆಕ್ಟರ್ ಬ್ಲಾಕ್ ಅಂತ ಬರ್ತೈತ್ರಿ, ಒಂದು ಪಟ್ಟಿ ಮ್ಯಾಲ ಸಾಲಾಗಿ ವಾಲ್ವ್ ಕೂಡಿಸಿ, ಡ್ರೈವರ್ ಬೋರ್ಡ್ ಹಚ್ಚಿ, ಗಾಳಿ ತೂತು ಕೊರದು ಒಂದೇ ಸೆಟ್ ಮಾಡಿರ್ತಾರ, ಆ ಮಾಡೆಲ್ ಸಾರ್ಟೆಕ್ಸ್‌ಗೆ ಬಿಟ್ರ ಜಗತ್ತಿನಾಗ ಮತ್ತ್ಯಾವುದಕ್ಕೂ ಕೂಡಂಗಿಲ್ಲ. ಅದು ವಾಲ್ವೋ, ಸಾರ್ಟೆಕ್ಸ್ ಪಾರ್ಟೋ? ಲೆನ್ಸು ಸೆನ್ಸರು ಎರಡೂ ಇರೋ ಕ್ಯಾಮೆರಾ ಬೋರ್ಡು, ಕೇಸಿಲ್ಲ ಏನಿಲ್ಲ, ಅದು ಕ್ಯಾಮೆರಾನೋ ಪಾರ್ಟೋ? ಕಂಟ್ರೋಲ್ ಬೋರ್ಡ್ 8537ಕ್ಕ ಹೋಗ್ತೈತೋ 8437 90ಕ್ಕೋ? ಇದಕ್ಕ ಒಬ್ಬೊಬ್ಬ ಅಧಿಕಾರಿ ಒಂದೊಂದು ಹೇಳ್ತಾರ, ತಮಾಷಿ ಅಂದ್ರ ಎಲ್ಲರೂ ಅದೇ ನೋಟ್ 2 ತೋರಿಸೇ ಹೇಳ್ತಾರ. ನನ್ನ ಮಾಲು ಒಂದು ಬಂದರಿನಾಗ 8437 90 ಅಂತ ಸುಮ್ನ ಪಾಸಾಗಿತ್ತು, ಅದೇ ಕಂಪನಿ ಅದೇ ಮಾಡೆಲ್ ಬ್ಲಾಕ್ ಮುಂದಿನ ಸಲ ಕ್ವೆರಿ ಬಂದು ನಿಂತ್ತು, ಕ್ಯಾಟಲಾಗ್ ಕೊಡ್ರಿ, ರೈಟಪ್ ಕೊಡ್ರಿ, ಇದು ವಾಲ್ವ್ ಯಾಕಲ್ಲ ಅಂತ ಬರದು ಕೊಡ್ರಿ. ಕಟಾವು ಮುಗದು ಮಿಲ್ ಮುಂದ ಲಾರಿ ಸಾಲು ನಿಂತ ಟೈಮದು, ಮಿಲ್ ಸಾವ್ಕಾರ್ರು ತಾಸಿಗೊಮ್ಮೆ ಫೋನು, ಅಲ್ಲಿ ಬಂದರಿನಾಗ ಡೆಮರೇಜ್ (ಮಾಲು ನಿಂತದ್ದರ ಬಾಡಿಗಿ) ಏರಾಕತ್ತಿತ್ತು, ಕೊನಿಗೆ ನನ್ನ ಸಿಎಚ್‌ಎ (ಕಸ್ಟಮ್ಸ್ ಏಜೆಂಟ), ಅಧಿಕಾರಿ ಹೇಳಿದಂಗ ಕಟ್ಟಿ ಬಿಡಿಸ್ಕೊರಿ ಅಂದ, ಕಟ್ಟಿದೆ. ಅಧಿಕಾರಿ ಬದಲಿಸಿ ಮಾಡಿದ ರೀಅಸೆಸ್‌ಮೆಂಟ್ ನಾವು ಒಪ್ಪಲ್ಲ ಅಂದ್ರ ಅವ್ರು 15 ದಿನದಾಗ ಕಾರಣ ಬರದು ಆರ್ಡರ್ ಕೊಡ್ಬೇಕು ಅಂತ ಕಸ್ಟಮ್ಸ್ ಕಾಯ್ದೆ 17(5)ರಾಗ ಐತಿ, ನನಗೂ ಗೊತ್ತು. ಆದ್ರ ಸೀಜನ್‌ನಾಗ 15 ದಿನ ಯಾರು ಕಾಯ್ತಾರ್ರಿ.

ಫೇಸ್‌ಲೆಸ್ ಅಸೆಸ್‌ಮೆಂಟ್, ಅಂದ್ರ ಬ್ಯಾರೆ ಊರಾಗ ಕುಂತ ಅಧಿಕಾರಿ ಆನ್‌ಲೈನ್‌ನಾಗ ಡ್ಯೂಟಿ ಗೊತ್ತುಮಾಡೋದು, ಬಂದಿದ್ದು 2020ರ ಜೂನ್ 8ಕ್ಕ, ಮೊದಲು ಬೆಂಗಳೂರು ಚೆನ್ನೈಯೊಳಗ, ಅದೂ ಇದೇ 84, 85ನೇ ಅಧ್ಯಾಯದ ಮಾಲಿಗೆ. ಅದನ್ನ ನಾನು ಬೈಯೋದಿಲ್ಲ, ಯಾರ ಟೇಬಲ್ ಮುಂದೂ ಕೈ ಕಟ್ಟಿ ನಿಲ್ಲೋದು ತಪ್ಪೇತಿ. ಆದ್ರ ಬಿಲ್ ಆಫ್ ಎಂಟ್ರಿ (ಆಮದಿನ ಕಾಗದ) ಯಾವ ಊರಿನ ಅಧಿಕಾರಿಗೆ ಬೀಳ್ತೈತೋ ಗೊತ್ತಿಲ್ಲ, ಅವ್ರು ಜೀವನದಾಗ ರೈಸ್ ಮಿಲ್ ನೋಡಿರ್ತಾರೋ ಇಲ್ಲೋ. ಹಂಗಂದ ಮ್ಯಾಲ ಲಿಖಿತದಾಗ ಎಲ್ಲರಿಗೂ ಒಂದೇ ಸೂಚನಾ ಬೇಕಲ್ರಿ.

ದುಡ್ಡಿನ ಲೆಕ್ಕಾ ಹೇಳ್ತೀನಿ. ಒಂದು ಲಕ್ಷದ ಮಾಲು ಅಂತ ತಗೋರಿ, ಒಂದು ಕೋಡಿಗೆ ಡ್ಯೂಟಿ 7.5 ಪರ್ಸೆಂಟ್, ಇನ್ನೊಂದಕ್ಕ 15 ಅಂತ ಇಟ್ಕೋರಿ. ಡ್ಯೂಟಿ ಮ್ಯಾಲ 10 ಪರ್ಸೆಂಟ್ ಸೋಷಿಯಲ್ ವೆಲ್ಫೇರ್ ಸರ್‌ಚಾರ್ಜ್, ಎಲ್ಲಾ ಕೂಡಿಸಿ ಅದರ ಮ್ಯಾಲ ಐಜಿಎಸ್‌ಟಿ 18 ಅಂದ್ರ ಒಂದರಾಗ 27,735 ಆಗ್ತೈತಿ, ಇನ್ನೊಂದರಾಗ 37,470. ಐಜಿಎಸ್‌ಟಿ ಇನ್‌ಪುಟ್ (ಕಟ್ಟಿದ್ದನ್ನ ಮುಂದಿನ ಟ್ಯಾಕ್ಸ್‌ನಾಗ ವಜಾ ಮಾಡ್ಕೊಳ್ಳೋದು) ಸಿಗ್ತದಲ್ಲ ಅಂತ ದಿಲ್ಲಿಯವರು ಅಂತಾರ. ನನಗ ಸಿಗ್ತೈತಿ, ನನ್ನ ಗಿರಾಕಿಗೆ? 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಅಕ್ಕಿಗೆ ಜಿಎಸ್‌ಟಿ ಬಂತು, ಮರುದಿನದಿಂದನ ಮಾರ್ಕೆಟ್‌ನಾಗ ಟ್ಯಾಕ್ಸ್ ತಪ್ಪಸಾಕ 26 ಕೆಜಿ ಚೀಲ ಕಾಣಾಕತ್ತಿದ್ವು, ನಿಮ್ಮ ಮನಿಗೂ ಅದೇ ಬರ್ತಿರಬೇಕು. ಟ್ಯಾಕ್ಸ್ ಇಲ್ಲದ ಅಕ್ಕಿ ಮಾರೋ ಮಿಲ್ಲಿಗೆ ಇನ್‌ಪುಟ್ ಇಲ್ಲ, ಕಟ್ಟಿದ್ದು ಕಟ್ಟಿದಂಗ ಮೈಮ್ಯಾಲ.

ಇದಕ್ಕಿಂತ ಹೆದರಿಕಿ ಅಂದ್ರ ಹಳೇ ಮಾಲಿಂದು. ಇವತ್ತು ಪಾಸಾತು ಅಂದ್ರ ಮುಗೀತು ಅಂತಲ್ಲ, ಎರಡು ವರ್ಷದತನ ಕಡಿಮಿ ಕಟ್ಟೀರಿ ಅಂತ ನೋಟಿಸ್ ಬರಬೋದು, ಬೇಕಂತ ಮುಚ್ಚಿಟ್ರಿ ಅಂತ ಸೇರಿಸಿದ್ರ ಐದು ವರ್ಷ, ಮ್ಯಾಲ ವರ್ಷಕ್ಕ 15 ಪರ್ಸೆಂಟ್ ಬಡ್ಡಿ. ಅಷ್ಟೊತ್ತಿಗೆ ಮಾಲು ಮಾರಿ, ಆ ವಾಲ್ವ್ ಸವದು ಗುಜರಿಗೆ ಹೋಗಿರ್ತೈತಿ, ಸಾವ್ಕಾರ್ರ ಹತ್ರ ಹೋಗಿ ನಾಲ್ಕು ವರ್ಷದ ಹಿಂದಿನ ಡ್ಯೂಟಿ ಬಾಕಿ ಕೊಡ್ರಿ ಅಂದ್ರ ಚಾ ಕುಡಿಸಿ ಕಳಸ್ತಾರ ಅಷ್ಟ. ಅಡ್ವಾನ್ಸ್ ರೂಲಿಂಗ್, ಅಂದ್ರ ಮಾಲು ತರೋಕ್ಕಿಂತ ಮೊದಲ ಯಾವ ಕೋಡ್ ಅಂತ ಲಿಖಿತದಾಗ ತೀರ್ಪು, ತಗೋರಿ ಅಂತಾರ, ತಗೋಬೋದು, ಫೀ 10,000, ಆಫೀಸ್ ಇರೋದು ದಿಲ್ಲಿ ಮುಂಬೈ, ಮೂರು ತಿಂಗಳೊಳಗ ಹೇಳ್ಬೇಕು ಅಂತ ಐತಿ. ಆದ್ರ ಆ ರೂಲಿಂಗ್ ಕೇಳಿದವನಿಗೆ ಮಾತ್ರ ಲಾಗೂ. ಸಿಂಧನೂರಿನಾಗ ಇದೇ ವ್ಯಾಪಾರ ಮಾಡೋನು ಬ್ಯಾರೆ ಹಾಕ್ಬೇಕು, ಸಿರುಗುಪ್ಪದವ ಬ್ಯಾರೆ. ದೊಡ್ಡ ಕಂಪನಿಗೆ ಇದು ಸಲೀಸು, ಲೀಗಲ್ ಡಿಪಾರ್ಟ್‌ಮೆಂಟ್ ಇಟ್ಟಿರ್ತಾವ.

ನೀವು ಮಾಡ್ಬೇಕಾದ್ದು ಹೊಸಾ ಕಾಯ್ದೆ ಅಲ್ರಿ. ಎಲ್ಲಾ ಕಡೆ ಒಂದೇ ವರ್ಗೀಕರಣ ಇರ್ಲಿ ಅಂತ ಅಧಿಕಾರಿಗಳಿಗೆ ಆದೇಶ ಕೊಡೋ ಪವರ್ ಕಸ್ಟಮ್ಸ್ ಕಾಯ್ದೆ 151ಎ ಪ್ರಕಾರ ಸಿಬಿಐಸಿ ಬೋರ್ಡಿಗೆ (ಕಸ್ಟಮ್ಸ್ ನಡಸೋ ಕೇಂದ್ರದ ಮಂಡಳಿ) ಮೊದಲಿಂದ ಐತಿ. ಮಾಡಿದ್ದೂ ಐತಿ. 2021ರ ಮಾರ್ಚ್‌ನಾಗ ಸುಪ್ರೀಂ ಕೋರ್ಟ್ ವೆಸ್ಟಿಂಗ್‌ಹೌಸ್ ಸ್ಯಾಕ್ಸ್‌ಬಿ ಕೇಸಿನಾಗ ರೈಲ್ವೆ ಸಿಗ್ನಲ್ ರಿಲೇ ಕರೆಂಟ್ ಸ್ವಿಚ್ಚು ರಿಲೇಗಳ 8536ಕ್ಕಲ್ಲ, ರೈಲ್ವೆ ಸಿಗ್ನಲ್‌ನ 8608ಕ್ಕ ಸೇರ್ತೈತಿ ಅಂದಾಗ ಅದೇ ಲೆಕ್ಕ ತಮ್ಮ ಮಾಲಿಗೂ ಹಚ್ತಾರಂತ ಗಾಡಿ ಪಾರ್ಟ್ಸ್ ತರೋರೆಲ್ಲಾ ಗಾಬರಿಯಾದ್ರು, 2022ರ ಜನವರಿಯಾಗ ಬೋರ್ಡ್ ಅದರ ಬಗ್ಗೆ ಅಧಿಕಾರಿಗಳಿಗೆ ಇನ್‌ಸ್ಟ್ರಕ್ಷನ್ ಕಳಿಸ್ತು. ಗಾಡಿಯವರಿಗೆ ದನಿ ಐತಿ, ಕೇಳಿಸ್ತು. ತುಂಗಭದ್ರಾ ಡ್ಯಾಂದು 19ನೇ ಗೇಟ್ ಕೊಚ್ಚಿಕೊಂಡು ಹೋದಾಗ ಪಕ್ಷ ಬಿಟ್ಟು ಎಲ್ಲಾ ನಾಯಕರೂ ಓಡಿ ಬಂದಿದ್ರಿ, ಇದು ಟೀವಿಯಾಗ ಬರೋ ಸುದ್ದಿ ಅಲ್ಲ ಅಂತ ನನಗೂ ಗೊತ್ತು.

ಇಜೆಕ್ಟರ್ ಬ್ಲಾಕ್, ಕ್ಯಾಮೆರಾ ಬೋರ್ಡ್, ಕಂಟ್ರೋಲ್ ಬೋರ್ಡ್, ಈ ಮೂರಕ್ಕ ಯಾವ ಕೋಡ್ ಅಂತ ಹಣಕಾಸು ಇಲಾಖೆಗೆ ಲೋಕಸಭಾದಾಗ ಒಂದು ಅನ್‌ಸ್ಟಾರ್ಡ್ ಪ್ರಶ್ನೆ ಹಾಕ್ರಿ, ಉತ್ತರ ಲಿಖಿತದಾಗ ಬರ್ಬೇಕಾಗ್ತೈತಿ, ಅದರ ಜೋಡಿ ಬೋರ್ಡಿಗೆ 151ಎ ಹೆಸರಿಟ್ಟು ಒಂದು ಪತ್ರ. 8481 ಅಂತಾನೇ ಹೇಳ್ಲಿ ಬೇಕಾದ್ರ, ನಾನು 8481ರಾಗೇ ಹಾಕ್ತೀನಿ. ಪ್ರಶ್ನೆ ಬರಿಯಾಕ ಮಾಹಿತಿ ಬೇಕಂದ್ರ ಬಿಚ್ಚಿದ ಬ್ಲಾಕು, ಬೋರ್ಡು, ಕ್ಯಾಟಲಾಗು, ಎರಡೂ ಕೋಡಿನಾಗ ಪಾಸಾದ ಬಿಲ್ ಆಫ್ ಎಂಟ್ರಿ ಎಲ್ಲಾ ತಗೊಂಡು ನಿಮ್ಮ ಕೊಪ್ಪಳ ಆಫೀಸಿಗೆ ಬರ್ತೀನಿ, ನಿಮ್ಮ ಪಿಎ ಕಡಿಂದ ಒಂದು ದಿನ ಹೇಳಸ್ರಿ. ಮುಂದಿನ ಮುಂಗಾರು ಭತ್ತ ಮಿಲ್ಲಿಗೆ ಬರೋದು ನವೆಂಬರ್ ಡಿಸೆಂಬರ್‌ಗೆ, ಅದಕ್ಕ ಮಾಲು ಆರ್ಡರ್ ಹಾಕೋದು ಸೆಪ್ಟೆಂಬರ್‌ನಾಗ, ಅಷ್ಟರೊಳಗ ಆಗ್ಬೇಕ್ರಿ.

ಇಂತಿ,
ಗಂಗಾವತಿಯ ಒಬ್ಬ ಸಾರ್ಟೆಕ್ಸ್ ಮೆಕ್ಯಾನಿಕ್, ನಿಮ್ಮ ಮತದಾರ